ಕಾಫಿ ಅದೇ, ರೇಟು ಯಾಕೆ ಬೇರೆ?

ಜನವರಿಯಲ್ಲಿ ಮೂಡಿಗೆರೆ ಕಡೆ ಯಾವ ತೋಟಕ್ಕೆ ಹೋದರೂ ಕಣದ ತುಂಬ ಕಾಫಿ ಒಣಗುತ್ತಿರುತ್ತದೆ. ಬೆಳೆಗಾರರ ಒಂದು ಕಣ್ಣು ಮೋಡದ ಮೇಲೆ, ಇನ್ನೊಂದು ಮೊಬೈಲಿಗೆ ಬರುವ ರೇಟಿನ ಮೇಲೆ. ಒಮ್ಮೊಮ್ಮೆ ಮಳೆಯೂ ಇಲ್ಲ, ಹುಳವೂ ಇಲ್ಲ, ಆದರೂ ರೇಟು ದಬಕ್ಕನೆ ಬೀಳುತ್ತದೆ. ಬಿದ್ದಿರುವುದು ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನ ದುಡ್ಡು!

ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಅರೇಬಿಕಾ ರೇಟು ನಿಗದಿಯಾಗುವುದು ನ್ಯೂಯಾರ್ಕಿನಲ್ಲಿ, ರೋಬಸ್ಟಾ ರೇಟು ಲಂಡನ್ನಿನಲ್ಲಿ. ಎರಡೂ ಡಾಲರ್ ಲೆಕ್ಕ. 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ 'ರಿಯಲ್' ಅನ್ನು (ಗಲ್ಫಿನ ರಿಯಾಲ್ ಅಲ್ಲ, ಇದು ಬೇರೆ) ಡಾಲರಿಗೆ ಇಷ್ಟೇ ಎಂದು ಹಿಡಿದು ನಿಲ್ಲಿಸಲಾಗದೆ ಕೈಬಿಟ್ಟಿತು. ಡಾಲರಿಗೆ 1.2 ಇದ್ದದ್ದು ಮಾರ್ಚ್ ಹೊತ್ತಿಗೆ 2ರ ಆಸುಪಾಸು. ಸುಮ್ನೆ ಒಂದು ಲೆಕ್ಕ ಹಾಕೋಣ. ಚೀಲಕ್ಕೆ 100 ಡಾಲರ್ ಅಂದುಕೊಳ್ಳಿ. ಅಲ್ಲಿನ ರೈತನಿಗೆ ಮೊದಲು ಸಿಗುತ್ತಿದ್ದದ್ದು 120 ರಿಯಲ್. ಈಗ 80 ಡಾಲರಿಗೆ ಕೊಟ್ಟರೂ 160. ಅವನು ಯಾಕೆ ಚೌಕಾಸಿ ಮಾಡುತ್ತಾನೆ? ಮಾರುತ್ತಾನೆ. ಪೇಟೆಯ ರೇಟೂ 80ಕ್ಕೆ ಇಳಿಯಿತು ಅಂದುಕೊಳ್ಳಿ. ನಮ್ಮವರಿಗೆ ಆಗ ಡಾಲರಿಗೆ ಸುಮಾರು 42 ರೂಪಾಯಿ. 4,200 ಬರುತ್ತಿದ್ದ ಚೀಲಕ್ಕೆ 3,360.

ಬ್ರೆಜಿಲ್‌ನದ್ದು ಸೋತು ಬಿಟ್ಟ ಕಥೆ. ಬೇಕಂತಲೇ ದುಡ್ಡು ಅಗ್ಗ ಮಾಡಿದವರೂ ಇದ್ದಾರೆ. 1931ರಲ್ಲಿ ಬ್ರಿಟನ್, ಅದೂ ಹಿಡಿದಿಡಲಾಗದೆಯೇ, ಪೌಂಡಿಗೆ ಇಷ್ಟು ಚಿನ್ನ ಎಂಬ ಕಟ್ಟಿನಿಂದ ಪೌಂಡನ್ನು ಬಿಡಿಸಿತು, ಪೌಂಡು ಇಳಿಯಿತು. ಅಮೆರಿಕ ಸುಮ್ಮನಿರುತ್ತದಾ? ಒಂದು ಔನ್ಸ್ ಚಿನ್ನಕ್ಕೆ 20.67 ಡಾಲರ್ ಇದ್ದದ್ದನ್ನು 1934ರಲ್ಲಿ ಬೇಕಂತಲೇ 35 ಮಾಡಿತು, ಅಂದರೆ ಡಾಲರ್ ಅಗ್ಗ. ಜಾತ್ರೆಯಲ್ಲಿ ತೇರು ನೋಡಲು ಮುಂದಿನವನು ತುದಿಗಾಲಲ್ಲಿ ನಿಂತರೆ ಹಿಂದಿನವರೂ ನಿಲ್ಲಬೇಕು, ಅಲ್ವಾ? ಇದೂ ಹಾಗೇ. ಈ ಪೈಪೋಟಿ ಮರುಕಳಿಸಬಾರದು ಎಂದೇ 1944ರಲ್ಲಿ ಅಮೆರಿಕದ ಬ್ರೆಟನ್‌ವುಡ್ಸ್‌ನಲ್ಲಿ ಸೇರಿದ ದೇಶಗಳು ತಮ್ಮ ದುಡ್ಡಿನ ದರಗಳನ್ನು ಡಾಲರಿಗೆ, ಡಾಲರನ್ನು ಚಿನ್ನಕ್ಕೆ ಕಟ್ಟಿದವು. 1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರ್-ಚಿನ್ನದ ಆ ಗಂಟು ಬಿಚ್ಚಿದರು.

ಈಗಿನ ಉಪಾಯ ಇನ್ನೂ ಸರಳ. ತನ್ನ ನೋಟು ಕೊಟ್ಟು ಪೇಟೆಯಲ್ಲಿ ಡಾಲರ್ ಕೊಳ್ಳುತ್ತಾ ಹೋಗುವುದು. ಡಾಲರಿಗೆ ಗಿರಾಕಿ ಜಾಸ್ತಿಯಾದಷ್ಟೂ ತನ್ನ ದುಡ್ಡು ಅಗ್ಗ, ತನ್ನ ಮಾಲೂ ಹೊರಗಿನವರಿಗೆ ಅಗ್ಗ. ಚೀನಾ 2005ರ ಜುಲೈವರೆಗೂ ಡಾಲರಿಗೆ ಸುಮಾರು 8.28 ಯುವಾನ್ ಎಂದು ವರ್ಷಗಟ್ಟಲೆ ಅಲುಗಾಡದೆ ಕೂತಿತ್ತು. 2014ರ ಹೊತ್ತಿಗೆ ಅದರ ಬಳಿ ಹತ್ತಿರತ್ತಿರ 4 ಲಕ್ಷ ಕೋಟಿ ಡಾಲರಿನಷ್ಟು ವಿದೇಶಿ ಹಣ ಸೇರಿತ್ತು. 2019ರ ಆಗಸ್ಟ್‌ನಲ್ಲಿ ಅಮೆರಿಕ ಚೀನಾವನ್ನು ಅಧಿಕೃತವಾಗಿ 'ದರ ತಿರುಚುವ ದೇಶ' ಎಂದಿತು, ಐದೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೇ! ಈ ಹಣೆಪಟ್ಟಿಯಲ್ಲಿ ಅರ್ಥಶಾಸ್ತ್ರಕ್ಕಿಂತ ರಾಜಕೀಯವೇ ಜಾಸ್ತಿ ಅನ್ನಿಸುತ್ತದೆ ನನಗೆ.

ನಮ್ಮ ರಿಸರ್ವ್ ಬ್ಯಾಂಕೂ ಡಾಲರ್ ಕೊಂಡದ್ದಿದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕ ಭಾರತವನ್ನು, ದುಡ್ಡಿನ ದರದ ವಿಷಯದಲ್ಲಿ ಕಣ್ಣಿಡಬೇಕಾದ ದೇಶಗಳ ಪಟ್ಟಿಗೆ ಸೇರಿಸಿತ್ತು. ರೂಪಾಯಿ ಇಳಿದರೆ ಮೂಡಿಗೆರೆಯ ಕಣದಲ್ಲಿ ಚೀಲಕ್ಕೆ ನಾಲ್ಕು ಕಾಸು ಹೆಚ್ಚು ಬರುತ್ತದೆ, ನಿಜ. ಆದರೆ ಮಳೆಗಾಲದ ಹೊತ್ತಿಗೆ ಅದೇ ಗಿಡಕ್ಕೆ ಪೊಟ್ಯಾಷ್ ಗೊಬ್ಬರ ಹಾಕಬೇಕು. ಅದು ಬರುವುದು ಹೆಚ್ಚುಕಡಿಮೆ ಪೂರ್ತಿ ಹೊರದೇಶದಿಂದ, ಡಾಲರ್ ಕೊಟ್ಟು.