ಕಂಡದ್ದಕ್ಕೂ ಹೇಳಿದ್ದಕ್ಕೂ ನಡುವಿನ ಕ್ಷಣ

ಕಾಸರಗೋಡಿನ ಬಸ್ ನಿಲ್ದಾಣಕ್ಕೆ ಮಲಯಾಳ ಫಲಕ ಹೊತ್ತ ಬಸ್ಸೊಂದು ಬಂದು ನಿಂತಾಗ ಮೂರು ಬಗೆಯ ಪ್ರಯಾಣಿಕರನ್ನು ಕಾಣಬಹುದು. ಎರಡೂ ಲಿಪಿಗಳಲ್ಲಿ ಪಳಗಿದವರು ಫಲಕ ಕಂಡೊಡನೆ ಮೆಟ್ಟಿಲ ಕಡೆಗೆ ನಡೆಯುತ್ತಾರೆ, ಕನ್ನಡ ಮಾಧ್ಯಮದಲ್ಲಿ ಓದಿ ಮಲಯಾಳವನ್ನು ತಡವಾಗಿ ಕಲಿತವರು ಅಕ್ಷರ ಕೂಡಿಸುತ್ತ ಅರೆಗಳಿಗೆ ನಿಲ್ಲುತ್ತಾರೆ, ಅದೂ ಬಾರದವರು "ಬದಿಯಡ್ಕಕ್ಕೆ ಹೋಗ್ತದಾ?" ಎಂದು ಪಕ್ಕದವರನ್ನು ಕೇಳುತ್ತಾರೆ. ಮನೋವಿಜ್ಞಾನವು ತತ್ತ್ವಶಾಸ್ತ್ರದ ಮನೆಯಿಂದ ಬೇರೆಯಾಗಿ ನಿಂತದ್ದು ಇಂಥ ಅರೆಗಳಿಗೆಯನ್ನು ಅಳೆಯಲು ಹೊರಟಾಗ. ಮನಸ್ಸಿನ ಸಂಗತಿಗಳಿಗೆ ಗಣಿತ ಒಗ್ಗದಾದ್ದರಿಂದ ಅದರ ಅಧ್ಯಯನವು ನಿಜವಾದ ವಿಜ್ಞಾನವಾಗಲಾರದೆಂದು 1786ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಬರೆದಿದ್ದ.

ಅಳತೆಯ ಮೊದಲ ಸುಳಿವು ಸಿಕ್ಕಿದ್ದು ಖಗೋಳಜ್ಞರಿಗೆ. ನಕ್ಷತ್ರವೊಂದು ದೂರದರ್ಶಕದೊಳಗೆ ಗುರುತಿಗೆಂದು ಎಳೆದ ತಂತಿಯನ್ನು ದಾಟುವ ಕ್ಷಣವನ್ನು ತನಗಿಂತ ಸುಮಾರು 0.8 ಸೆಕೆಂಡು ತಡವಾಗಿ ಗುರುತಿಸುತ್ತಾನೆಂಬ ಕಾರಣಕ್ಕೆ ಗ್ರೀನಿಚ್ ವೀಕ್ಷಣಾಲಯದ ಮಸ್ಕೆಲಿನ್ 1796ರಲ್ಲಿ ತನ್ನ ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದ. ಜರ್ಮನ್ ಖಗೋಳಜ್ಞ ಬೆಸೆಲ್ ಮುಂದೆ ಪರೀಕ್ಷಿಸಿ ನೋಡಿದಾಗ, ನುರಿತ ವೀಕ್ಷಕರ ನಡುವೆಯೂ ಇಂಥ ವ್ಯತ್ಯಾಸ ಇದ್ದೇ ಇರುತ್ತದೆಂದು ತಿಳಿಯಿತು. ಪಾಪ, ಕಿನ್ನೆಬ್ರೂಕ್‌ನ ತಪ್ಪೇನೂ ಇರಲಿಲ್ಲ.

ನರದಲ್ಲಿ ಸಂದೇಶ ಹರಿಯುವ ವೇಗವನ್ನು ಅಳೆಯುವುದು ಅಸಾಧ್ಯವೆಂಬ ನಂಬಿಕೆ ಆಗ ಬಲವಾಗಿತ್ತು. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಸ್ನಾಯುವಿಗೆ ಹತ್ತಿರದಲ್ಲೊಮ್ಮೆ, ದೂರದಲ್ಲೊಮ್ಮೆ ಪ್ರಚೋದಿಸಿ, ಸ್ನಾಯು ಮಿಡಿಯಲು ಹಿಡಿದ ಕಾಲಗಳ ಅಂತರದಿಂದ ಆ ವೇಗ ಸೆಕೆಂಡಿಗೆ ಬರೀ 27 ಮೀಟರಿನಷ್ಟು ಎಂದು ಲೆಕ್ಕ ಹಾಕಿದ. ಇದೇ ಕಳೆಯುವ ಲೆಕ್ಕವನ್ನು ಡಚ್ ವಿಜ್ಞಾನಿ ಡಾಂಡರ್ಸ್ 1868ರ ಹೊತ್ತಿಗೆ ಮನಸ್ಸಿಗೇ ಹಚ್ಚಿದ: ದೀಪ ಕಂಡೊಡನೆ ಗುಂಡಿ ಒತ್ತುವ ಕಾಲವನ್ನು, ಎರಡು ದೀಪಗಳಲ್ಲಿ ಹೊತ್ತಿದ್ದು ಯಾವುದೆಂದು ಆಯ್ದು ಒತ್ತುವ ಕಾಲದಿಂದ ಕಳೆದರೆ ಉಳಿಯುವುದು ತೀರ್ಮಾನಕ್ಕೆ ಹಿಡಿದ ಸಮಯ. ಹಂತಗಳು ಹೀಗೆ ಸಲೀಸಾಗಿ ಬೇರ್ಪಡುತ್ತವೆಯೇ ಎಂಬ ತಕರಾರು ಆಮೇಲೆ ಬಂತು. ಆದರೂ ಆ ಯೋಚನೆಯ ಧೈರ್ಯ ದೊಡ್ಡದು.

1879ರಲ್ಲಿ ಲೈಪ್‌ಸಿಗ್‌ನಲ್ಲಿ ಜರ್ಮನ್ ವಿದ್ವಾಂಸ ವುಂಟ್ ತೆರೆದ ಪ್ರಯೋಗಾಲಯವನ್ನು ಮನೋವಿಜ್ಞಾನದ ಹುಟ್ಟೆಂದು ಎಣಿಸುವುದು ರೂಢಿ. ಅಲ್ಲಿ ಕಾಲಮಾಪಕಗಳ ಜೊತೆಗೆ, ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ಗಮನಿಸಿ ವರದಿ ಮಾಡುವ ಪದ್ಧತಿಯೂ ಇತ್ತು. ತೊಡಕು ಹುಟ್ಟಿದ್ದು ಅದರಲ್ಲಿ: ಇಬ್ಬರ ವರದಿಗಳು ಬೇರೆಯಾದರೆ ಯಾರು ಸರಿಯೆಂದು ಹೇಳಲು ಮೂರನೆಯವರಿಗೆ ದಾರಿಯಿಲ್ಲ. 1913ರಲ್ಲಿ ಅಮೆರಿಕದ ಮನೋವಿಜ್ಞಾನಿ ವಾಟ್ಸನ್ ಆ ಬಾಗಿಲನ್ನೇ ಮುಚ್ಚಿದ. ಹೊರಗಿನ ಪ್ರಚೋದನೆ ಮತ್ತು ಕಣ್ಣಿಗೆ ಕಾಣುವ ವರ್ತನೆ, ಇವೆರಡೇ ವಿಜ್ಞಾನದ ಸಾಮಗ್ರಿಯೆಂದ. ಈ ವರ್ತನಾವಾದ ಕಲಿಕೆಯ ಬಗ್ಗೆ ಬಹಳ ತಿಳಿಸಿತು. ಆದರೆ ನಡುವಿನ ಅರೆಗಳಿಗೆಯಲ್ಲಿ ತಲೆಯೊಳಗೆ ಏನಾಗುತ್ತದೆಂಬ ಪ್ರಶ್ನೆಯನ್ನು ಕೇಳುವುದೇ ಅಸಭ್ಯವೆಂಬಂತೆ ಮಾಡಿತು.

ಬೇರೆ ಪಂಥದವರು ಆ ಅರೆಗಳಿಗೆಯನ್ನು ಬಿಟ್ಟಿರಲಿಲ್ಲ. ಎರಡು ಗೆರೆಗಳನ್ನು ಸೆಕೆಂಡಿನ ಸುಮಾರು ಹದಿನೇಳನೇ ಒಂದು ಭಾಗದ ಅಂತರದಲ್ಲಿ ತೋರಿಸಿದರೆ ಒಂದೇ ಗೆರೆ ಚಲಿಸಿದಂತೆ ಕಾಣುತ್ತದೆಂಬ ವೆರ್ಟ್‌ಹೈಮರ್‌ನ 1912ರ ಪ್ರಯೋಗದಿಂದ, ಇಡಿಯು ಬಿಡಿಗಳ ಮೊತ್ತವಲ್ಲವೆನ್ನುವ ಗೆಸ್ಟಾಲ್ಟ್ ಪಂಥ ಬೆಳೆಯಿತು. ಫ್ರಾಯ್ಡ್‌ನ ಮನೋವಿಶ್ಲೇಷಣೆ ಗಡಿಯಾರದಿಂದ ದೂರವೇ ಇತ್ತು, ಆದರೆ ಅವನ ಒಡನಾಡಿ ಯುಂಗ್ ಒಂದು ಪದ ಹೇಳಿ, ಅದಕ್ಕೆ ಮೊದಲು ಹೊಳೆದ ಪದವನ್ನು ಕೇಳುವಾಗ ಸ್ಟಾಪ್‌ವಾಚ್ ಹಿಡಿದಿದ್ದ: ಉತ್ತರ ತಡವಾದಲ್ಲಿ ನೋವೊಂದು ಅಡಗಿದೆಯೆಂಬುದು ಅವನ ಊಹೆ. ನಮ್ಮ ನಾಡಿಗೆ ಬಂದರೆ, ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು 1924ರಲ್ಲಿ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ ಮುಂದೆ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನೂ ಆರಂಭಿಸಿದರು.

ಅರಿವಿನ ಮನೋವಿಜ್ಞಾನ ತಲೆಯೆತ್ತಿದ್ದು 1956ರ ಸುಮಾರಿಗೆ, ಊರು ಕೇರಳಕ್ಕೆ ಸೇರಿದ್ದರಿಂದ ಕಾಸರಗೋಡಿನವರಿಗೆ ಬೇರೆಯದೇ ಕಾರಣಕ್ಕೆ ಮರೆಯಲಾಗದ ವರ್ಷ. ಗಮನ, ಸ್ಮರಣೆ, ಭಾಷೆಗಳನ್ನು ಅದು ಮತ್ತೆ ಕಾಲಮಾಪಕದ ಮುಂದೆ ಕೂರಿಸಿತು. ಅದಕ್ಕೆ ಒದಗಿದ ಸಾಧನಗಳಲ್ಲೊಂದು 1935ರಷ್ಟು ಹಳೆಯದು. ಬಣ್ಣಗಳ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣವನ್ನಷ್ಟೇ ಹೇಳಿರೆಂದು ಸ್ಟ್ರೂಪ್ ಕೇಳಿದಾಗ, ಬರೀ ಬಣ್ಣದ ನೂರು ಚೌಕಗಳಿಗೆ ಸುಮಾರು 63 ಸೆಕೆಂಡು ತೆಗೆದುಕೊಂಡವರು ಅಂಥ ನೂರು ಪದಗಳಿಗೆ 110 ಸೆಕೆಂಡು ತೆಗೆದುಕೊಂಡರು. ಓದು ಒಮ್ಮೆ ರೂಢಿಯಾದ ಮೇಲೆ, ಬೇಡವೆಂದರೂ ಓದದಿರಲು ಆಗುವುದಿಲ್ಲ.

ಇದನ್ನು ಗಡಿನಾಡಿನ ತರಗತಿಯಲ್ಲಿ ಮಾಡಿ ನೋಡಲು ಎರಡು ಹಾಳೆ ಸಾಕು. 'ಕೆಂಪು' ಎಂದು ಹಸಿರು ಶಾಯಿಯಲ್ಲಿ ಕನ್ನಡದಲ್ಲೊಮ್ಮೆ, ಅದೇ ಅರ್ಥದ 'ಚುವಪ್ಪ್' ಎಂಬುದನ್ನು ಮಲಯಾಳ ಲಿಪಿಯಲ್ಲೊಮ್ಮೆ ಬರೆದು ತೋರಿಸಿ. ಎರಡೂ ಲಿಪಿ ಬಲ್ಲ ಮಗು ಎರಡು ಕಡೆಯೂ ತಡವರಿಸೀತು. ಮಲಯಾಳ ಓದಲು ಬಾರದ ಮಗುವಿಗೆ ಎರಡನೆಯ ಹಾಳೆಯಲ್ಲಿರುವುದು ಬರೀ ಹಸಿರು ಗೆರೆಗಳು. ಬಸ್ ನಿಲ್ದಾಣದಲ್ಲಿ ಪಕ್ಕದವರನ್ನು ಕೇಳಬೇಕಾದ ಆ ಮಗುವೇ ಇಲ್ಲಿ ತಟ್ಟನೆ 'ಹಸಿರು' ಎನ್ನುತ್ತದೆ.