ಮಿಕ್ಸಿ ಮತ್ತು ಚೆಂಡೆ

ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಐದೂವರೆಯ ಹೊತ್ತಿಗೆ ಕುಂದಾಪುರ, ಕಾರ್ಕಳ, ಮಂಗಳೂರು ಎಂಬ ಕಂಡಕ್ಟರುಗಳ ಕೂಗು ಒಂದರ ಮೇಲೊಂದು ಬೀಳುತ್ತಿರುತ್ತದೆ. ಜೊತೆಗೆ ಹಾರ್ನು, ಡೀಸೆಲ್ ವಾಸನೆ, ಬೆವರಿಗೆ ಅಂಟಿಕೊಂಡ ಕುತ್ತಿಗೆಪಟ್ಟಿ. ವರ್ಷಗಟ್ಟಲೆ ಅಲ್ಲಿ ನಿಂತು ಮನಶ್ಶಾಂತಿಯ ಪುಸ್ತಕಗಳನ್ನು ಓದಿದ್ದೇನೆ. ಗದ್ದಲವನ್ನು ಒಳಗೆ ಬಿಟ್ಟುಕೊಳ್ಳುವವರು ನಾವೇ, ಇದ್ದುದರಲ್ಲಿ ತೃಪ್ತಿಪಡಲು ಕಲಿತರೆ ಅದು ತಾನಾಗಿ ಹಿಂದೆ ಸರಿಯುತ್ತದೆ ಎಂಬ ಅರ್ಥದ ಮಾತು ಹೆಚ್ಚುಕಡಿಮೆ ಎಲ್ಲದರಲ್ಲೂ ಇತ್ತು. ನನ್ನ ಪಾಲಿಗೆ ಅದು ಸರಿಯಲೇ ಇಲ್ಲ. ಮನೆಗೆ ಬಂದು ಕತ್ತಲ ಕೋಣೆಯಲ್ಲಿ ಮಲಗಿದರೆ ಊಟಕ್ಕೂ ಏಳಲಾಗುತ್ತಿರಲಿಲ್ಲ. "ಎಂತ ಮಾರಾಯ್ತಿ, ಬಸ್ಸಿಗೆ ಕಾದದ್ದಕ್ಕೆ ಇಷ್ಟು ಸುಸ್ತಾ?" ಎಂದು ಅಮ್ಮ ಕೇಳುವರು. ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ನನ್ನ ಮನಸ್ಸಿನದೇ ಎಂದು ನಂಬಿದ್ದೆ.

ನನ್ನದು ಆಟಿಸಂ, ಅಂದರೆ ಲೋಕವನ್ನು ಬೇರೆ ಬಗೆಯಲ್ಲಿ ಗ್ರಹಿಸುವ ಮಿದುಳಿನ ಬೆಳವಣಿಗೆ, ಎಂದು ಗೊತ್ತಾದದ್ದು ಮೂವತ್ತಾರನೆಯ ವಯಸ್ಸಿನಲ್ಲಿ. ಆಮೇಲೆ ಕೈಗೆತ್ತಿಕೊಂಡ ಪುಸ್ತಕಗಳೇ ಬೇರೆ.

ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧ ಆಟಿಸಂ ಅಧ್ಯಯನದ ಮೈಲಿಗಲ್ಲು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸದ್ದಿನ ಕುರಿತ ಒಂದು ಭಾಗ. ಆ ಮಕ್ಕಳಲ್ಲಿ ಕೆಲವರು ವ್ಯಾಕ್ಯೂಮ್ ಕ್ಲೀನರಿಗೆ, ಮೊಟ್ಟೆ ಕಡೆಯುವ ಯಂತ್ರಕ್ಕೆ, ಗಾಳಿಯ ಸದ್ದಿಗೂ ನಡುಗುತ್ತಿದ್ದರು. ಆದರೆ ಅಷ್ಟೇ ದೊಡ್ಡ ಸದ್ದನ್ನು ತಾವೇ ಮಾಡುವಾಗ ಖುಷಿಯಾಗಿರುತ್ತಿದ್ದರು. ಭಯ ಹುಟ್ಟಿಸುತ್ತಿದ್ದುದು ಹೇಳದೆ ಕೇಳದೆ ಒಳನುಗ್ಗುವ ಸದ್ದು ಎಂದು ಕ್ಯಾನರ್ ಗುರುತಿಸಿದ್ದರು. ಇಷ್ಟು ಮುಂಚೆಯೇ ಕಂಡ ಸಂಗತಿಯಾದರೂ, ಇಂದ್ರಿಯಗಳ ಈ ಅತಿಸೂಕ್ಷ್ಮತೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ರೋಗನಿರ್ಣಯದ ಲಕ್ಷಣಗಳಲ್ಲಿ ಸ್ಪಷ್ಟವಾಗಿ ಸೇರಿಸಿದ್ದು 2013ರ ಐದನೆಯ ಆವೃತ್ತಿಯಲ್ಲಿ. ಎಪ್ಪತ್ತು ವರ್ಷ! ಆ ನಡುವೆ ಕಿವಿ ಮುಚ್ಚಿಕೊಂಡದ್ದಕ್ಕೆ ಬೈಸಿಕೊಂಡ ಮಕ್ಕಳನ್ನು ನೆನೆದರೆ ಹೊಟ್ಟೆ ಸಂಕಟವಾಗುತ್ತದೆ.

ಕ್ಯಾನರ್ ಹೊರಗಿನಿಂದ ಕಂಡದ್ದನ್ನು, ಸ್ವತಃ ಆಟಿಸ್ಟಿಕ್ ಆಗಿರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ 1986ರ ಆತ್ಮಕಥೆಯಲ್ಲಿ ಒಳಗಿನಿಂದ ಹೇಳಿದರು. ಯಾರಾದರೂ ಅಪ್ಪಿಕೊಂಡರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ, ಆದರೆ ಮೈಯನ್ನು ಬಿಗಿಯಾಗಿ ಒತ್ತಿದರೆ ಸಮಾಧಾನ. ದನಗಳನ್ನು ಹಿಡಿದು ನಿಲ್ಲಿಸುವ ಕಟ್ಟಿನೊಳಗೆ ಅವು ಶಾಂತವಾಗುವುದನ್ನು ಕಂಡು, ಅದೇ ಮಾದರಿಯಲ್ಲಿ ಹರೆಯದಲ್ಲೇ ತನಗೊಂದು ಯಂತ್ರ ಮಾಡಿಕೊಂಡರು. ಒತ್ತಡ ಎಷ್ಟಿರಬೇಕು ಎಂಬುದನ್ನು ನಿಯಂತ್ರಿಸುತ್ತಿದ್ದುದು ಅವರ ಕೈಯೇ. ನನಗೆ ಸ್ವ-ಸ್ವೀಕಾರದ ಪಾಠ ಸಿಕ್ಕಿದ್ದು ಇಲ್ಲಿ. ಗ್ರಾಂಡಿನ್ ತನ್ನ ಮೈಯೊಡನೆ ಜಗಳಕ್ಕೆ ನಿಲ್ಲಲಿಲ್ಲ, ಅದಕ್ಕೆ ಬೇಕಾದದ್ದನ್ನು ಹಲಗೆಯಿಂದ ಕಟ್ಟಿದರು.

ಮಲ್ಪೆಯ ಕಡಲಬದಿಯ ಮನೆಯವರಿಗೆ ಅಲೆಯ ಸದ್ದು ಕೇಳಿಸುವುದೇ ಇಲ್ಲ ಎನ್ನುತ್ತೇವೆ. ಕಿವಿ ಕೇಳುತ್ತದೆ, ಮಿದುಳು ಒಗ್ಗಿಕೊಂಡಿರುತ್ತದೆ. ಒಂದೇ ಪ್ರಚೋದನೆ ಮರುಕಳಿಸಿದಾಗ ನರಕೋಶಗಳ ಪ್ರತಿಕ್ರಿಯೆ ತಗ್ಗುತ್ತಾ ಹೋಗುತ್ತದೆ. ಇಂದ್ರಿಯಗಳ ಅತಿಸೂಕ್ಷ್ಮತೆಯುಳ್ಳ ಆಟಿಸ್ಟಿಕ್ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪಾಯವನ್ನು ಗ್ರಹಿಸುವ ಅಮಿಗ್ಡಲಾ ಎಂಬ ಭಾಗದಲ್ಲಿ ಈ ತಗ್ಗುವಿಕೆ ಕಡಿಮೆ ಇತ್ತು. ಎಲ್ಲ ಆಟಿಸ್ಟಿಕ್ ವ್ಯಕ್ತಿಗಳೂ ಹೀಗಲ್ಲ. ನನ್ನಂಥವರಿಗೆ ಮಾತ್ರ ಹತ್ತನೆಯ ಹಾರ್ನು ಮೊದಲನೆಯದರಷ್ಟೇ ಹೊಸದು. ಒಗ್ಗದ ಮಿದುಳಿಗೆ "ಲಕ್ಷ್ಯ ಕೊಡಬೇಡ" ಎನ್ನುವ ಪುಸ್ತಕ ಏನು ಮಾಡೀತು?

ಇಷ್ಟಾದರೂ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಯಕ್ಷಗಾನದ ಆಟಕ್ಕೆ ಹೋದರೆ ರಂಗಸ್ಥಳಕ್ಕೆ ಒತ್ತಿಕೊಂಡು, ಚೆಂಡೆಯ ಪಕ್ಕದಲ್ಲೇ ಬೆಳಗಿನವರೆಗೆ ಕೂರುತ್ತಿದ್ದೆ. ಮನೆಯಲ್ಲಿ ಮಿಕ್ಸಿ ತಿರುಗಿದರೆ ಹಿತ್ತಿಲಿಗೆ ಓಡುತ್ತಿದ್ದೆ! ಆಟಿಸ್ಟಿಕ್ ಮಿದುಳು ಹಿಂದಿನ ಅನುಭವದಿಂದ ಮುಂದಿನದನ್ನು ಊಹಿಸುವುದಕ್ಕೆ ಕಡಿಮೆ ತೂಕ ಕೊಡುತ್ತದೆ, ಹಾಗಾಗಿ ಲೋಕ ಅದಕ್ಕೆ ತೀರಾ ಹಸಿಯಾಗಿ ತಾಗುತ್ತದೆ ಎಂಬ ವಾದವೊಂದು 2012ರಿಂದ ಚರ್ಚೆಯಲ್ಲಿದೆ. ಅದು ಇನ್ನೂ ವಾದವೇ. ಆದರೆ ತಾಳಕ್ಕೆ ಆವರ್ತನವಿದೆ, ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಕೇಳುವವರಿಗೆ ಮೊದಲೇ ಗೊತ್ತು. ಮಿಕ್ಸಿಗೆ ಮುನ್ಸೂಚನೆಯಿಲ್ಲ. ನನ್ನ ಬಾಲ್ಯದ ಒಗಟನ್ನು ಇಷ್ಟು ಚೆನ್ನಾಗಿ ಬಿಡಿಸುವ ಇನ್ನೊಂದು ವಿವರಣೆ ನನಗೆ ಸಿಕ್ಕಿಲ್ಲ.

ಈಗ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಇಯರ್‌ಪ್ಲಗ್ ಹಾಕುತ್ತೇನೆ, ಸಾಧ್ಯವಾದ ದಿನ ಮೂರೂವರೆಯ ಬಸ್ಸು ಹಿಡಿಯುತ್ತೇನೆ. ಕೆಲವು ರಾತ್ರಿ ತೃಪ್ತಿ ಎಂದರೆ ಊಟಕ್ಕೆ ಏಳಲು ಮಿಕ್ಕಿರುವ ತ್ರಾಣ, ಅಷ್ಟೇ. ಆದರೂ ಒಬ್ಬರೇ ಓದಿ ತಮ್ಮನ್ನು ಒಪ್ಪಿಕೊಂಡರೆ ಸಾಲದು. ಬ್ರಿಟನ್ನಿನ ಆಟಿಸ್ಟಿಕ್ ವಯಸ್ಕರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುತ್ತಲಿನವರೂ ತಮ್ಮನ್ನು ಒಪ್ಪಿಕೊಂಡಿದ್ದಾರೆ ಎಂದು ಅನಿಸಿದವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಇತ್ತು. ಯಾವುದರಿಂದ ಯಾವುದು ಎಂದು ಅಂಥ ಅಧ್ಯಯನ ಹೇಳಲಾರದು.

ಹಾಗಾಗಿ ಕ್ಯಾನರ್ ಬರೆದ ಆ ಭಾಗವನ್ನು ಒಂದು ದಿನ ಅಡುಗೆಮನೆಯಲ್ಲಿ ಕನ್ನಡದಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ಕೇಳಿದರು. "ಹಾಗಾದ್ರೆ ನೀನು ಹಿತ್ತಿಲಿಗೆ ಓಡ್ತಿದ್ದದ್ದು ಇದಕ್ಕಾ?" ಎಂದರು, ಮತ್ತೆ ತುರಿಯತೊಡಗಿದರು. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಕೇಳಿತು: "ಮಿಕ್ಸಿ ಹಾಕ್ತೇನೆ, ಆಯ್ತಾ?"