ಕಟ್ಟಿಗೆ ಹೀಟರ್ ತೆಗೆಸಿ ಕರೆಂಟಿನದು ಹಾಕಿಸಿದರೆ, ಹೊಗೆ ಜಾಗ ಬದಲಿಸಿದಷ್ಟೇ ಅಲ್ಲವೇ?

ಪ್ರಶ್ನೆ: ಮಗಳು, ಅಳಿಯ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ, ಲಾನ್ಸೆಸ್ಟನ್ ಎಂಬ ಊರಲ್ಲಿ ಹಳೇ ಮನೆ ಕೊಂಡಿದ್ದಾರೆ. ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಕಟ್ಟಿಗೆ ಹೀಟರ್ ಇದೆ. ಜುಲೈನಲ್ಲಿ ನಾನು ಅಲ್ಲಿದ್ದಾಗ ಅದರ ಮುಂದೆ ಕೂತರೆ ನಮ್ಮೂರ ಬಚ್ಚಲೊಲೆ ಮುಂದೆ ಕೂತ ಹಾಗೇ ಹಿತವಾಗಿರುತ್ತಿತ್ತು. ಈಗ ಅದನ್ನು ತೆಗೆಸಿ ಹೀಟ್ ಪಂಪ್ ಎಂಬ ಕರೆಂಟಿನ ಯಂತ್ರ ಹಾಕಿಸುತ್ತಾರಂತೆ, ಗಾಳಿಗೆ ಒಳ್ಳೆಯದಂತೆ. ಕರೆಂಟನ್ನೂ ಎಲ್ಲೋ ಕಲ್ಲಿದ್ದಲು ಸುಟ್ಟೇ ತಾನೇ ಮಾಡುವುದು? ಇಲ್ಲಿನ ಹೊಗೆ ಅಲ್ಲಿಗೆ ಹೋದಷ್ಟೇ ಅಲ್ಲವೇ? (ಮಲೆನಾಡಿನ ಓದುಗರೊಬ್ಬರು)

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ತೆಗೆಸಲಿ. ಹೊಗೆ ಬರೀ ಜಾಗ ಬದಲಿಸಿದರೂ ಅದು ದೊಡ್ಡ ಲಾಭವೇ. ಟಾಸ್ಮೇನಿಯಾದಲ್ಲಂತೂ ಆ ಹೊಗೆಯೇ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ ನಿಮ್ಮ ಅನುಮಾನ ತಳ್ಳಿಹಾಕುವಂಥದ್ದಲ್ಲ. ಬಹಳ ಜನ ಕೇಳುವ ಪ್ರಶ್ನೆ ಇದು, ಸ್ವಲ್ಪ ಬಿಡಿಸಿ ಹೇಳಬೇಕು.

ಹೊಗೆ ಎಷ್ಟು ಎನ್ನುವುದರಷ್ಟೇ ಮುಖ್ಯ, ಅದು ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಎತ್ತರದಲ್ಲಿ ಹೊರಬೀಳುತ್ತದೆ ಎನ್ನುವುದು. ಮಲೆನಾಡಿನವರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಿಲ್ಲ. ಧನುರ್ಮಾಸದ ಬೆಳಗಿನ ಜಾವ ಹಂಡೆ ಒಲೆಗೆ ಬೆಂಕಿ ಮಾಡಿ ಅಂಗಳಕ್ಕೆ ಬಂದು ನೋಡಿ. ಹಂಚಿನ ಸಂದಿಯಿಂದ ನುಸುಳಿದ ಹೊಗೆ ಮೇಲಕ್ಕೆ ಹೋಗುವುದೇ ಇಲ್ಲ. ಅಡಿಕೆ ಮರಗಳ ನಡುವೆ ಬಿಳಿ ಪಂಚೆ ಹರವಿದ ಹಾಗೆ ಅಡ್ಡಕ್ಕೆ ಮಲಗಿ, ಬಿಸಿಲೇರುವ ತನಕ ಅಲ್ಲೇ ಇರುತ್ತದೆ. ರಾತ್ರಿಯಿಡೀ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗೆ, ಭಾರವಾಗಿ ಕೆಳಗೇ ಕೂತಿರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿದ್ದು ಕೊಪ್ಪರಿಗೆಗೆ ಮುಚ್ಚಳ ಹಾಕಿದಂತಾಗುತ್ತದೆ. ಆ ಮುಚ್ಚಳದ ಕೆಳಗೆ ಹುಟ್ಟಿದ ಹೊಗೆಯನ್ನು ಆ ಮುಚ್ಚಳದ ಕೆಳಗಿನವರೇ ಉಸಿರಾಡಬೇಕು.

ಲಾನ್ಸೆಸ್ಟನ್ ಇಂಥ ಕೊಪ್ಪರಿಗೆಯ ತಳದಲ್ಲೇ ಇದೆ. ಟೇಮಾರ್ ಕಣಿವೆಯ ತಲೆಭಾಗದಲ್ಲಿ, ಎರಡು ನದಿಗಳು ಕೂಡುವಲ್ಲಿ, ಸುತ್ತ ಗುಡ್ಡಗಳ ನಡುವೆ. ಅಲ್ಲಿ ಚಳಿಗಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿಯ ಚಳಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಗಾಳಿ ಬೀಸುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಮನೆಮನೆಯಲ್ಲೂ ಬೆಂಕಿ ಹಾಕುತ್ತಾರೆ. ಒಂದು ಕಾಲಕ್ಕೆ ಅಲ್ಲಿನ ನೂರಕ್ಕೆ 66 ಮನೆಗಳಲ್ಲಿ ಕಟ್ಟಿಗೆ ಹೀಟರ್ ಇತ್ತು.

ಹೊಸ ಹೀಟರುಗಳು ಹೊಗೆ ಕಡಿಮೆ ಬಿಡುತ್ತವೆ ಎಂಬ ಮಾತೂ ಇದೆ. ಆಸ್ಟ್ರೇಲಿಯಾದ ಈಗಿನ ನಿಯಮದಂತೆ ಒಂದು ಕಿಲೋ ಕಟ್ಟಿಗೆಗೆ 1.5 ಗ್ರಾಂಗಿಂತ ಹೆಚ್ಚು ಕಣ ಬರಕೂಡದು. ಆ ಅಳತೆ ಪ್ರಯೋಗಾಲಯದ್ದು, ಒಣ ಸೌದೆಯದ್ದು. ಮನೆಯಲ್ಲಿ ಆಗುವುದು ಬೇರೆ. ಮಲಗುವ ಮುಂಚೆ ಎರಡು ದಪ್ಪ ಕೊರಡು ತುರುಕಿ, ಬೆಳಗಿನ ತನಕ ಕೆಂಡ ಉಳಿಯಲಿ ಎಂದು ಗಾಳಿಯ ಕಿಂಡಿ ಮುಚ್ಚುತ್ತಾರೆ. ಬೆಂಕಿಗೆ ಉಸಿರು ಸಾಲದೆ ಕಟ್ಟಿಗೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಬೆಳಗ್ಗೆ ಎದ್ದಾಗ ಗಾಜಿನ ಬಾಗಿಲು ಕಪ್ಪಗಾಗಿದ್ದರೆ ಅದೇ ಗುರುತು. ನಮ್ಮ ಹಳೆಮನೆಯ ಬಚ್ಚಲ ತೊಲೆ ಮೇಲೆ ಬೆರಳಾಡಿಸಿದರೆ ಒಣ ಮಸಿ ಬರುತ್ತಿರಲಿಲ್ಲ, ಎಣ್ಣೆಯ ಹಾಗೆ ಅಂಟುವ ಕರಿ ಬರುತ್ತಿತ್ತು. ಸಾಬೂನು ಹಾಕಿ ತಿಕ್ಕಿದರೂ ಉಗುರಸಂದಿಯಲ್ಲಿ ಎರಡು ದಿನ ಉಳಿಯುತ್ತಿತ್ತು. ಅರೆಬೆಂದ ಕಟ್ಟಿಗೆಯ ಡಾಂಬರು ಅದು. ತೊಲೆಗೆ ಹತ್ತಿದ್ದು ಅಷ್ಟಾದರೆ, ಐವತ್ತು ವರ್ಷ ಆ ಒಲೆಯ ಬಾಯಿ ಮುಂದೆ ಕುಕ್ಕರಗಾಲಲ್ಲಿ ಕೂತು ಸೌದೆ ನೂಕಿದ ನಮ್ಮಜ್ಜಿಯ ಎದೆಯೊಳಕ್ಕೆ ಹೋದದ್ದೆಷ್ಟು? ಬೆಳಗಿನ ಅವಳ ಕೆಮ್ಮನ್ನು ಮನೆಯಲ್ಲಿ ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಕೋಳಿ ಕೂಗಿದಷ್ಟೇ ಸಹಜ ಅನ್ನಿಸಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹೊಗೆಯಲ್ಲಿ ನಿಜವಾಗಿ ಕೇಡು ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು. 2.5 ಮೈಕ್ರಾನ್‌ಗಿಂತ ಚಿಕ್ಕವು, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತ ಸಣ್ಣವು. ಮೂಗು, ಗಂಟಲು ಅವನ್ನು ಹಿಡಿಯಲಾರವು. ಶ್ವಾಸಕೋಶದ ತುದಿಯವರೆಗೂ ಹೋಗುತ್ತವೆ, ಹೃದಯಕ್ಕೂ ತೊಂದರೆ ಕೊಡುತ್ತವೆ. ಕಟ್ಟಿಗೆ ನೈಸರ್ಗಿಕ ಎಂಬುದರಿಂದ ಇದರಲ್ಲಿ ಏನೂ ರಿಯಾಯಿತಿ ಇಲ್ಲ.

ಲಾನ್ಸೆಸ್ಟನ್ ಊರನ್ನು ವಿಜ್ಞಾನಿಗಳು ಮತ್ತೆ ಮತ್ತೆ ಹೆಸರಿಸಲು ಕಾರಣವಿದೆ. 2001ರಲ್ಲಿ ಅಲ್ಲಿ ಕಟ್ಟಿಗೆ ಹೀಟರ್ ತೆಗೆಸಿದವರಿಗೆ ಸರ್ಕಾರದ ಸಹಾಯಧನ ಶುರುವಾಯಿತು. ಜೊತೆಗೆ ಜನರಿಗೆ ತಿಳಿವಳಿಕೆ ಕೊಡುವ ಕೆಲಸವೂ ನಡೆಯಿತು. ಕೆಲವೇ ವರ್ಷಗಳಲ್ಲಿ ಕಟ್ಟಿಗೆ ಹೀಟರ್ ಇದ್ದ ಮನೆಗಳು ನೂರಕ್ಕೆ 66ರಿಂದ 30ಕ್ಕೆ ಇಳಿದವು. ಬಹಳ ಜನ ಹೋದದ್ದು ಕರೆಂಟಿನ ಕಡೆಗೆ. ಚಳಿಗಾಲದ ಗಾಳಿಯಲ್ಲಿ ಸಣ್ಣ ದೂಳಿನ (10 ಮೈಕ್ರಾನ್‌ಗಿಂತ ಚಿಕ್ಕ ಕಣಗಳ) ಪ್ರಮಾಣ ಒಂದು ಘನ ಮೀಟರಿಗೆ 44 ಮೈಕ್ರೋಗ್ರಾಂ ಇದ್ದದ್ದು 27ಕ್ಕೆ ಬಂತು. 1994ರಿಂದ 2007ರವರೆಗಿನ ಸಾವಿನ ಲೆಕ್ಕವನ್ನು ದಿನದಿನಕ್ಕೆ ತೆಗೆದು ನೋಡಿದ ಅಧ್ಯಯನ 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅದರ ಪ್ರಕಾರ ಗಂಡಸರಲ್ಲಿ ವರ್ಷದ ಒಟ್ಟು ಸಾವು ಶೇ 11ರಷ್ಟು ಇಳಿದಿತ್ತು. ಚಳಿಗಾಲವನ್ನಷ್ಟೇ ನೋಡಿದರೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಶೇ 20ರಷ್ಟು, ಉಸಿರಾಟದ ಕಾಯಿಲೆಯ ಸಾವು ಶೇ 28ರಷ್ಟು ಕಡಿಮೆ. ಊರು ಚಿಕ್ಕದು, ಆಗಿನ ಜನಸಂಖ್ಯೆ ಸುಮಾರು 67 ಸಾವಿರ. ಹಾಗಾಗಿ ಈ ಚಳಿಗಾಲದ ಅಂಕಿಗಳು ಒಂದಿಷ್ಟು ಆಚೀಚೆ ಇದ್ದಾವು, ಗಂಡಸರ ಲೆಕ್ಕ ಹೆಚ್ಚು ಗಟ್ಟಿ. ಆದರೆ ಅದೇ ದ್ವೀಪದ ಹೋಬಾರ್ಟ್‌ನಲ್ಲಿ, ಇಂಥ ಯೋಜನೆ ಇಲ್ಲದ ಕಡೆ, ಆ ರೀತಿಯ ಇಳಿಕೆ ಕಾಣಲಿಲ್ಲ ಎನ್ನುವುದನ್ನು ಮರೆಯಬಾರದು.

ಈಗ ಕಲ್ಲಿದ್ದಲಿನ ಮಾತು. ಟಾಸ್ಮೇನಿಯಾದ ಕರೆಂಟು ಬಹುಪಾಲು ಅಣೆಕಟ್ಟಿನ ನೀರಿನದು, ಉಳಿದದ್ದರಲ್ಲಿ ಹೆಚ್ಚಿನದು ಗಾಳಿಯಂತ್ರಗಳದು. ಲಿಂಗನಮಕ್ಕಿಯ ನೀರಿನಲ್ಲಿ ಶರಾವತಿ ಕರೆಂಟು ಕಂಡ ನಮಗೆ ಇದು ಹೊಸತಲ್ಲ. ಸಮುದ್ರದಡಿಯ ಕೇಬಲ್ ಮೂಲಕ ಆಚೆ ದಡದ ವಿಕ್ಟೋರಿಯಾ ರಾಜ್ಯದ ಕಲ್ಲಿದ್ದಲು ಕರೆಂಟೂ ಆಗೀಗ ಬರುತ್ತದೆ, ನಿಜ. 2015ರ ಕೊನೆಗೆ ಮಳೆ ಕೈಕೊಟ್ಟು, ಆ ಕೇಬಲ್ಲೂ ಕೆಟ್ಟಾಗ ಡೀಸೆಲ್ ಜನರೇಟರ್ ತರಿಸಬೇಕಾಯಿತು. ಅದು ಅಪರೂಪದ ವರ್ಷ.

ಪೂರ್ತಿ ಕಲ್ಲಿದ್ದಲು ಕರೆಂಟೇ ಎಂದು ಇಟ್ಟುಕೊಂಡರೂ ಲೆಕ್ಕ ಕಟ್ಟಿಗೆಯ ಪರವಾಗುವುದಿಲ್ಲ. ಹೀಟ್ ಪಂಪ್ ಎಂದರೆ ಫ್ರಿಜ್ ತಿರುಗುಮುರುಗಾದಂತೆ. ಹೊರಗಿನ ತಣ್ಣನೆಯ ಗಾಳಿಯಲ್ಲೂ ಇರುವ ಶಾಖವನ್ನು ಹೀರಿ ಒಳಕ್ಕೆ ತಂದು ಸುರಿಯುತ್ತದೆ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು, ಮೂರೂವರೆ ಯೂನಿಟ್ ಶಾಖ ಸಿಗುತ್ತದೆ. ಸುರುಳಿ ಕೆಂಪಗಾಗುವ ಮಾಮೂಲಿ ಹೀಟರಿನಲ್ಲಿ ಒಂದಕ್ಕೆ ಒಂದೇ. ಒಂದು ಕಿಲೋ ಒಣ ಕಟ್ಟಿಗೆಯನ್ನು ಒಳ್ಳೆಯ ಹೀಟರಿನಲ್ಲಿ ಸುಟ್ಟರೆ ಕೋಣೆಗೆ ಸಿಗುವ ಬಿಸಿಯನ್ನು, ಹೀಟ್ ಪಂಪ್ ಸುಮಾರು ಮುಕ್ಕಾಲು ಯೂನಿಟ್ ಕರೆಂಟಿನಲ್ಲಿ ಕೊಡುತ್ತದೆ. ಆ ಮುಕ್ಕಾಲು ಯೂನಿಟ್ಟಿಗೆ ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ವಿದ್ಯುತ್ ಸ್ಥಾವರದ ಯಂತ್ರಗಳು ನೂರಕ್ಕೆ 99ರಷ್ಟು ಹಿಡಿಯಬಲ್ಲವು, ಉಳಿದದ್ದು ನೂರಾರು ಅಡಿ ಎತ್ತರದ ಚಿಮಣಿಯಿಂದ ಹೋಗುತ್ತದೆ. ಕಟ್ಟಿಗೆ ಹೀಟರಿನ ಕೊಳವೆಗೆ ಅಂಥ ಸೋಸುವ ಯಂತ್ರವಿಲ್ಲ, ಅದರ ಬಾಯಿ ಪಕ್ಕದ ಮನೆಯ ಮಾಡಿಗಿಂತ ಬಹಳ ಎತ್ತರದಲ್ಲೂ ಇರುವುದಿಲ್ಲ. ಹಾಗೆಂದು ಸ್ಥಾವರದ ಸುತ್ತಲಿನವರ ಕಷ್ಟ ಸಣ್ಣದು ಎನ್ನಲಾರೆ. ರಾಯಚೂರಿನ ಶಕ್ತಿನಗರದ ಕಡೆಯವರನ್ನು ಕೇಳಿದರೆ ಹಾರುಬೂದಿಯ ಕಥೆ ಹೇಳುತ್ತಾರೆ. ಅದಕ್ಕೆ ಬೇರೆಯೇ ಹೋರಾಟ ಬೇಕು. ಮನೆಯೊಳಗೆ ಕಟ್ಟಿಗೆ ಸುಡುವುದು ಅದಕ್ಕೆ ಪರಿಹಾರವಾಗುವುದಿಲ್ಲ.

ಖರ್ಚಿನ ವಿಷಯದಲ್ಲಿ ಒಂದು ಮಾತು. ಅಳಿಯಂದಿರು ಕಟ್ಟಿಗೆ ಕೊಂಡು ತರುತ್ತಿದ್ದರೆ ತಿಂಗಳ ಖರ್ಚು ಇಳಿಯುವ ಸಂಭವವೇ ಹೆಚ್ಚು. ಯಾರದೋ ಜಮೀನಿನಿಂದ ಪುಕ್ಕಟೆ ತರುತ್ತಿದ್ದರೆ ಕರೆಂಟ್ ಬಿಲ್ ಏರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೋಣೆಯ ಅಳತೆಗೆ ಸರಿಯಾದ ಯಂತ್ರ ತೆಗೆದುಕೊಳ್ಳಲಿ. ಚಿಕ್ಕದಾದರೆ ಕೊರೆಯುವ ರಾತ್ರಿಗಳಲ್ಲಿ ಏದುಸಿರು ಬಿಡುತ್ತದೆ. ಹೊರಗಿನ ಪೆಟ್ಟಿಗೆಯ ಮೇಲೆ ಆಗಾಗ ಹಿಮ ಕಟ್ಟುತ್ತದೆ, ಅದನ್ನು ಕರಗಿಸಿಕೊಳ್ಳಲು ಯಂತ್ರ ಕೆಲವು ನಿಮಿಷ ಬಿಸಿಗಾಳಿ ನಿಲ್ಲಿಸುತ್ತದೆ. ಮುಂದಿನ ಸಲ ನೀವು ಹೋದಾಗ ಹಾಗಾದರೆ ಕೆಟ್ಟಿತು ಎಂದು ಗಾಬರಿಯಾಗಬೇಡಿ. ಒಳಗಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದರೆ ಸಾಕು.

ಬೆಂಕಿಯ ಮುಂದೆ ಕೂತ ಹಿತ ಮಾತ್ರ ಗೋಡೆ ಮೇಲಿನ ಬಿಳಿ ಪೆಟ್ಟಿಗೆಯಿಂದ ಬರುವುದಿಲ್ಲ. ಅದು ನಷ್ಟವೇ. ಇಷ್ಟು ಮಾತ್ರ ಮಗಳಿಗೆ ಹೇಳಿ: ಹೀಟರ್ ಬಿಚ್ಚಿದ ದಿನವೇ ಮಾಡಿನಲ್ಲಿ ಉಳಿಯುವ ಕೊಳವೆಯ ತೂತನ್ನು ಗಟ್ಟಿಯಾಗಿ ಮುಚ್ಚಿಸಲಿ. ಇಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿದ ಬಿಸಿ ರಾತ್ರಿಯಿಡೀ ಅದೇ ದಾರಿಯಲ್ಲಿ ಹೊರಗೆ ಹೋಗುತ್ತಿರುತ್ತದೆ.